ಏಳನೇ ನಂಬರಿನ ತಟ್ಟೆ

ಅವರು ಯಾರ ಕಣ್ಣು ನೋಡಿಯೂ ಮಾತಾಡುತ್ತಿರಲಿಲ್ಲ. ಮೂಗು ನೋಡಿ ಮಾತಾಡುತ್ತಿದ್ದರು. ಹೊಸಬರಿಗೆ ಇದರಿಂದ ಇರುಸುಮುರುಸು. ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಳ್ಳುವರು, ಗಂಡಸರು ಮೀಸೆ ತಡವಿಕೊಳ್ಳುವರು. ಅವರಿಗೆ ಇದರ ಅರಿವೇ ಇರುತ್ತಿರಲಿಲ್ಲ. ಇಪ್ಪತ್ತು ವರ್ಷ ಅವರ ಜೊತೆ ಕೆಲಸ ಮಾಡಿದ ನಾನು ಅವರ ನೇರ ನೋಟವನ್ನು ಕಂಡದ್ದು ಒಂದೇ ಸಲ. ಆ ಸಲ ಕಣ್ಣು ತಗ್ಗಿಸಿದವಳು ನಾನು.

ಅವರು ನಮ್ಮ ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್. ನಾನು ಅಲ್ಲಿನ ಆಪರೇಷನ್ ಥಿಯೇಟರಿನ ಉಸ್ತುವಾರಿ ನರ್ಸು. ಒಂದು ವ್ಯಾಪಾರಿ ಮನೆತನದ ಟ್ರಸ್ಟು ನಡೆಸುತ್ತಿದ್ದ ಮೂವತ್ತು ಹಾಸಿಗೆಯ ಆಸ್ಪತ್ರೆ ಅದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ಕಡೆಯ ಜನ ಬರುತ್ತಿದ್ದರು. ಈಗ ಆಸ್ಪತ್ರೆ ಮುಚ್ಚಿದೆ. ನಾನು ದಿನಕ್ಕೆರಡು ಸಲ ನೆಲ ಒರೆಸಿಸುತ್ತಿದ್ದ ಥಿಯೇಟರಿನಲ್ಲಿ ಮೆಕ್ಕೆಜೋಳದ ಚೀಲ ಪೇರಿಸಿದ್ದಾರೆ.

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಬೇರೊಂದು ಆಸ್ಪತ್ರೆಯಲ್ಲಿ, ನನ್ನ ಮೂಗಿನೊಳಗೆ ಹತ್ತಿ ಕಡ್ಡಿ ಇದ್ದಾಗ. ಅದು ಆಮೇಲೆ. ಯಾವುದನ್ನೂ ಸರದಿ ತಪ್ಪಿಸಿ ಹೇಳುವುದು ನನಗೆ ಬಾರದು.

ಲ್ಯಾಬೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಒಂದು ಸೂಕ್ಷ್ಮದರ್ಶಕ, ಒಂದು ಶಾಖದ ಪೆಟ್ಟಿಗೆ, ಒಂದು ಹಳೆಯ ಫ್ರಿಜ್ಜು. ಕೀವಿನಲ್ಲಿರುವ, ಮೂಗಿನಲ್ಲಿರುವ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ನೋಡಬೇಕೆಂದರೆ ಅವಕ್ಕೆ ಊಟ ಹಾಕಬೇಕು. ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಅಗರ್ ಎಂಬ ಪಾಚಿಯ ಅಂಟು, ಅದಕ್ಕೆ ಬೆರೆಸಿದ ಕುರಿಯ ರಕ್ತ, ಇದು ಆ ಊಟ. ದೊಡ್ಡ ಊರಿನವರು ತಯಾರಾದ ತಟ್ಟೆಗಳನ್ನೇ ತರಿಸುತ್ತಾರೆ. ನಮ್ಮ ಟ್ರಸ್ಟಿನವರು ತರಿಸಲಿಲ್ಲ. ಇವರೇ ಮರುಮಾತಾಡದೆ ಒಂದು ಟಗರನ್ನು ಹುಡುಕಿಕೊಂಡರು.

ತೆಲಿಗಿಯ ಕುರಿಗಾರನೊಬ್ಬನ ಟಗರು. ಹದಿನೈದು ದಿನಕ್ಕೊಮ್ಮೆ ತಮ್ಮ ಊರು ಬಾಗಳಿಯಿಂದ ಹೊರಟು, ತೆಲಿಗಿಗೆ ಹೋಗಿ, ಅದರ ಕುತ್ತಿಗೆಯ ನರದಿಂದ ಸಿರಿಂಜಿನಲ್ಲಿ ಒಂದಿಷ್ಟು ರಕ್ತ ತೆಗೆದು, ಗಾಜಿನ ಮಣಿ ಹಾಕಿದ ಬಾಟಲಿಗೆ ತುಂಬಿ, ಹೆಪ್ಪುಗಟ್ಟದಂತೆ ಅಲುಗಾಡಿಸುತ್ತಲೇ ಬಸ್ಸು ಹತ್ತುತ್ತಿದ್ದರು. ಪ್ರತಿ ಸಲ ಟಗರಿಗೆ ಒಂದು ಹೊರೆ ಶೇಂಗಾ ಹೊಟ್ಟು. ಆದರೂ ಕುರಿಗಾರನ ಗೊಣಗಾಟ ನಿಲ್ಲಲಿಲ್ಲವಂತೆ.

"ನಿಮ್ಮ ಮೂಗಿನ ಹುಳದ ಸಲುವಾಗಿ ನನ್ನ ಟಗರು ಯಾಕ ಸೊರಗಬೇಕ್ರಿ? ಟಗರಿಗೂ ದವಾಖಾನ್ಯಾಗ ಒಂದು ನೌಕರಿ ಕೊಡಸ್ರಿ."

"ನನ್ನ ನೌಕರೀನ ಗಟ್ಟಿ ಇಲ್ಲ ಮಾರಾಯ. ಟಗರಿಗೆ ಎಲ್ಲಿಂದ ಕೊಡಸ್ಲಿ?"

ಬಸ್ಸಿನ ಕಂಡಕ್ಟರಿಗೂ ಅವರ ಪರಿಚಯ. "ಏನ್ರೀ ಸರ, ಮಜ್ಜಿಗಿ ಕಡಿಯಾಕ ಹತ್ತೀರೇನು?" ಎಂದು ದೂರದಿಂದಲೇ ಕೂಗುತ್ತಿದ್ದನಂತೆ. ಬಾಟಲಿ ಹತ್ತಿರ ಬಂದಾಗ ಮಾತ್ರ ಹಿಂದಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದನಂತೆ.

ಅವರದು ಮೂರು ಹೊತ್ತು ಲಿಂಗಪೂಜೆಯ ಮನೆ. ರಕ್ತ ಮುಟ್ಟಿದ ದಿನ ತಾಯಿ ಅಡಿಗೆಮನೆಯ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಜಗಲಿಯ ಮೇಲೆ ಕೂತು ರೊಟ್ಟಿ ತಿನ್ನಬೇಕು. ಬೇಸರವಿಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ. "ಯಾಕ್ರಿ ಬ್ಯಾಸರ? ನಮ್ಮವ್ವ ನಿಮ್ಮಂಗ ಅದಾಳ ಅಕ್ಕಾರ. ಗೆರಿ ಎಲ್ಲಿ ಐತಿ ಅಂತ ಅಕಿಗೆ ಗೊತ್ತೈತಿ" ಎಂದರು. ನನ್ನನ್ನು ಅವರು ಕರೆಯುತ್ತಿದ್ದದ್ದು ಹಾಗೆ, ಅಕ್ಕಾರ ಎಂದು. ಆ ಮಾತನ್ನು ನಾನು ಹೊಗಳಿಕೆ ಎಂದು ತೆಗೆದುಕೊಂಡೆ. ಅವರ ಮಟ್ಟಿಗೆ ಅದು ಹೊಗಳಿಕೆಯೇ ಆಗಿತ್ತು.

ಆಪರೇಷನ್ನಿಗೆ ಬಂದ ಪ್ರತಿಯೊಬ್ಬರ ಮೂಗನ್ನೂ ಅವರು ಪರೀಕ್ಷಿಸುತ್ತಿದ್ದರು. ಇದು ಅವರೇ ಹಚ್ಚಿಕೊಂಡ ಕೆಲಸ, ಯಾರೂ ಹೇಳಿರಲಿಲ್ಲ. ಒಂದೊಂದು ಹೊಳ್ಳೆಯಲ್ಲಿ ಹತ್ತಿ ಕಡ್ಡಿಯಿಂದ ಐದು ಸುತ್ತು, ಗಟ್ಟಿಯಾಗಿ ಎಣಿಸುತ್ತ. ಯಾವಾಗ ಮುಗಿಯುತ್ತದೆಂದು ಗೊತ್ತಿದ್ದರೆ ಮನುಷ್ಯ ಏನನ್ನಾದರೂ ತಾಳಿಕೊಳ್ಳುತ್ತಾನೆ ಎಂಬುದು ಅವರ ವಾದ. ಕೂಡ್ಲಿಗಿ ಕಡೆಯ ಒಬ್ಬ ಅಜ್ಜ ಹರ್ನಿಯಾ ಆಪರೇಷನ್ನಿಗೆ ಬಂದಿದ್ದ. ಕಡ್ಡಿ ಕಂಡು ಸಿಟ್ಟಾದ.

"ಯಪ್ಪಾ, ಕೊಯ್ಯೋದು ತೊಡಿ ಸಂದ್ಯಾಗ. ನೀ ಮೂಗಿನ್ಯಾಗ ಏನು ಹುಡುಕ್ತಿ?"

"ಅಜ್ಜಾರ, ನಿಮ್ಮ ಮನ್ಯಾಗ ಯಾರ್ಯಾರು ಬಾಡಿಗಿಗೆ ಅದಾರಂತ ನೋಡಾಕ ಬಂದೀನ್ರಿ."

"ನನ್ನ ಮೂಗಿನ್ಯಾಗ ನಶ್ಯ ಬಿಟ್ರ ಯಾವನೂ ನಿಲ್ಲಂಗಿಲ್ಲ, ಹೋಗು."

ಎರಡು ದಿನದ ಮೇಲೆ ತಟ್ಟೆ ತಂದು ಅಜ್ಜನ ಮುಂದೆ ಹಿಡಿದರು. ಕೆಂಪು ಅಗರಿನ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕ ಹೊಂಬಣ್ಣದ ಚುಕ್ಕೆಗಳು. "ನೋಡ್ರಿ, ನಿಮ್ಮ ನಶ್ಯಕ್ಕೂ ಜಗ್ಗಿಲ್ಲ ಇವು." ಅಜ್ಜ ಬಹಳ ಹೊತ್ತು ನೋಡಿ, "ಏ ಇವನ, ಬಂಗಾರದ ಬಣ್ಣ ಐತಲ್ಲೋ! ಮೂಗಿನ್ಯಾಗ ಬಂಗಾರ ಇಟ್ಕೊಂಡು ಬಡವ ಬಡವ ಅಂತ ತಿರಗಿದ್ನೆಲ್ಲೋ ನಾನು" ಎಂದ. ಇಡೀ ವಾರ್ಡು ನಕ್ಕಿತು. ನಾನು ಗದರಿಸಿ ಸುಮ್ಮನಾಗಿಸಿದೆ.

ಆ ಹೊಂಬಣ್ಣದ ಬ್ಯಾಕ್ಟೀರಿಯಾವನ್ನು ನಾವು ಸ್ಟ್ಯಾಫ್ ಎನ್ನುತ್ತೇವೆ. ಮೂಗಿನಲ್ಲಿ ನಾನಾ ಬಗೆಯವು ವಾಸ ಮಾಡುತ್ತವೆ, ಹೆಚ್ಚಿನವು ನಿರುಪದ್ರವಿ. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಈ ಸ್ಟ್ಯಾಫ್ ಇರುತ್ತದೆ. ಅಲ್ಲಿರುವವರೆಗೆ ಏನೂ ಮಾಡುವುದಿಲ್ಲ. ಹೊತ್ತವರಿಗೆ ನೆಗಡಿಯೂ ಆಗುವುದಿಲ್ಲ. ಅದೇ ಕೊಯ್ದ ಗಾಯಕ್ಕೆ ಬಿದ್ದರೆ ಕೀವು. ಇದ್ದವರ ಮೂಗಿಗೆ ದಿನಕ್ಕೆರಡು ಸಲದಂತೆ ಐದು ದಿನ ಮುಲಾಮು ಹಚ್ಚಿಸಿ, ಆಮೇಲೆ ಆಪರೇಷನ್ನಿಗೆ ಕಳಿಸುತ್ತಿದ್ದರು. ಐದು ದಿನ ತಡವಾಯಿತೆಂದು ನಾನು ರೇಗುತ್ತಿದ್ದೆ. ಅವರ ವರದಿಗಳೂ ಹೇಳಿದ ಹೊತ್ತಿಗೆ ಬಂದದ್ದಿಲ್ಲ. ಕೇಳಿದರೆ ಒಂದೇ ಉತ್ತರ: "ಬೆಳಿಯೋದು ಬೆಳಿಯೋ ಹೊತ್ತಿಗೆ ಬೆಳೀತೈತ್ರಿ. ನಿಮ್ಮ ಗಡಿಯಾರ ನೋಡಿ ಬೆಳಿಯಂಗಿಲ್ಲ." ಅವರಿಗೆ ಕಾಯುವುದೇ ಕೆಲಸ. ನನಗೆ ಕಾಯುವುದೆಂದರೆ ಮೈ ಉರಿ.

ಆರು ತಿಂಗಳಿಗೊಮ್ಮೆ ಥಿಯೇಟರಿನ ಸಿಬ್ಬಂದಿಯ ಮೂಗನ್ನೂ ನೋಡುತ್ತಿದ್ದರು. ಆ ತಟ್ಟೆಗಳ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಯಾವ ನಂಬರು ಯಾರದೆಂದು ಅವರೊಬ್ಬರಿಗೇ ಗೊತ್ತು. ಸ್ಟ್ಯಾಫ್ ಕಂಡರೆ ಅದಿದ್ದವರನ್ನು ಮರೆಗೆ ಕರೆದು, ಮುಲಾಮು ಕೊಟ್ಟು ಕಳಿಸುವರು. ಪಟ್ಟಿ ಕೊಡಿ ಎಂದು ದೊಡ್ಡ ಡಾಕ್ಟರು ಎಷ್ಟೋ ಸಲ ಕೇಳಿದರು. "ಮೂಗು ಒಪ್ಪಿಸಿದವರ ಹೆಸರು ಒಪ್ಪಿಸಬಾರದ್ರಿ. ಇವತ್ತು ಹೆಸರು ಹೇಳಿದ್ರ ನಾಳಿ ಯಾರೂ ಮೂಗು ಕೊಡಂಗಿಲ್ಲ" ಎನ್ನುವರು. ದೊಡ್ಡ ಡಾಕ್ಟರೆಂದರೆ ಆಸ್ಪತ್ರೆಯ ಮುಖ್ಯಸ್ಥರು, ಸರ್ಜನ್ನರು. ಅವರ ಮಾತಿಗೆ ಎದುರಾಡುತ್ತಿದ್ದವರು ಇವರೊಬ್ಬರೇ.

ಇನ್ನು ನನ್ನ ಥಿಯೇಟರಿನ ಮಾತು. ಬೆಳಿಗ್ಗೆ ಆರಕ್ಕೆ ಬೀಗ ತೆಗೆಯುವುದು. ಹೊರಗಿನ ಚಪ್ಪಲಿ ಹಳದಿ ಗೆರೆ ದಾಟಬಾರದು. ಕೈ ತೊಳೆಯುವಾಗ ಮುನ್ನೂರು ಎಣಿಸಬೇಕು, ಡಾಕ್ಟರಾದರೂ ಸರಿ. ಮಾಸ್ಕು ಆಗ ಬಟ್ಟೆಯದು, ನಾಲ್ಕು ಲಾಡಿ. ಒಬ್ಬರದನ್ನು ಇನ್ನೊಬ್ಬರು ಕಟ್ಟಬಾರದೆಂದು ಪ್ರತಿಯೊಬ್ಬರ ಮಾಸ್ಕಿಗೂ ಒಂದೊಂದು ಬಣ್ಣದ ದಾರದಿಂದ ಗುರುತು ಹಾಕಿಸಿದ್ದೆ. ಡಾಕ್ಟರಿಗೆ ನೀಲಿ, ಅರಿವಳಿಕೆಯವರಿಗೆ ಹಸಿರು, ನನಗೆ ಕೆಂಪು. ಬಟ್ಟೆಗಳನ್ನು ಒಗೆದು, ಕುದಿಸಿ, ಒಣಗಿಸಿ, ಮಡಿಚಿ ಕೊಡುತ್ತಿದ್ದವಳು ಆಯಾ ಹನುಮಕ್ಕ, ತೆಲಿಗಿಯವಳು. ಟಗರಿನ ಕುರಿಗಾರನನ್ನು ಅವರಿಗೆ ಗೊತ್ತುಮಾಡಿ ಕೊಟ್ಟವಳೂ ಅವಳೇ. ಹನ್ನೊಂದು ವರ್ಷದಲ್ಲಿ ಅವಳ ಮಡಿಕೆಯಲ್ಲಿ ನನಗೆ ಒಂದು ಸುಕ್ಕು ಸಿಕ್ಕಿರಲಿಲ್ಲ.

ಈ ಎಲ್ಲ ನಿಯಮಗಳ ನಡುವೆ ಒಂದನ್ನು ನಾನು ದಿನವೂ ಮುರಿಯುತ್ತಿದ್ದೆ. ನಲವತ್ತೈದು ದಾಟಿದ ಮೇಲೆ ಕನ್ನಡಕ ಬಂತು. ಮಾಸ್ಕು ಕಟ್ಟಿದರೆ ಉಸಿರು ಮೇಲೆ ಬಂದು ಗಾಜು ಮಂಜಾಗುವುದು. ಸೂಜಿ ಕಾಣದು, ದಾರ ಕಾಣದು, ರಕ್ತ ಒರೆಸುವ ಬಟ್ಟೆಯ ಎಣಿಕೆ ತಪ್ಪುವುದು. ಎಣಿಕೆ ತಪ್ಪಿದರೆ ಬಟ್ಟೆ ಹೊಟ್ಟೆಯಲ್ಲೇ ಉಳಿದೀತು. ಅದಕ್ಕೆ ನಾನು ಮಾಸ್ಕನ್ನು ಮೂಗಿನ ಕೆಳಗೆ ಕಟ್ಟಿಕೊಳ್ಳುತ್ತಿದ್ದೆ. ಡಾಕ್ಟರು ತಲೆ ಬಗ್ಗಿಸಿಯೇ ಇರುತ್ತಿದ್ದರು. ಉಳಿದವರಿಗೆ ನನಗೆ ಹೇಳುವ ಎದೆಗಾರಿಕೆ ಇರಲಿಲ್ಲ. ಎದೆಗಾರಿಕೆ ಇರದಂತೆ ನೋಡಿಕೊಂಡವಳು ನಾನೇ.

ಒಂದು ತಿಂಗಳಲ್ಲಿ ಮೂವರು ಬಾಣಂತಿಯರ ಹೊಟ್ಟೆಯ ಗಾಯ ಕೀವಾಯಿತು. ಮೂವರದೂ ಸಿಸೇರಿಯನ್. ಇಬ್ಬರದು ಔಷಧಿಗೆ ಮಾಯಿತು. ಕೊಟ್ಟೂರು ಕಡೆಯ ಮೂರನೆಯವಳದು ಹೊಲಿಗೆ ಬಿಟ್ಟುಕೊಂಡಿತು. ಅವಳಿಗೆ ಅದು ಚೊಚ್ಚಲು. ಮತ್ತೆ ಕೊಯ್ದು ಹೊಲಿಯಬೇಕಾಯಿತು. ಜ್ವರದಲ್ಲಿದ್ದ ತಾಯಿಯಿಂದ ಕೂಸನ್ನು ಬೇರೆಮಾಡಿ ಅಜ್ಜಿ ಆಕಳ ಹಾಲು ಕುಡಿಸುತ್ತಿದ್ದಳು. ಆ ಅಜ್ಜಿ ಒಂದು ದಿನ ನನ್ನನ್ನು ತಡೆದು ಕೇಳಿದಳು.

"ಅಕ್ಕಾರ, ನಾವೇನು ಹೊಲಸು ಮಂದಿಯೇನ್ರಿ? ನಿಮ್ಮ ಮನ್ಯಾಗ ಸ್ವಚ್ಛ ಇಲ್ಲ, ಅದಕ್ಕ ಕೀವಾಗೈತಿ ಅಂತ ಸಣ್ಣ ಸಿಸ್ಟರು ಬೈದ್ರು. ದಿನಾ ಬಿಸಿನೀರು ಹಾಕೀವ್ರಿ ನಾವು."

ಸ್ವಚ್ಛತೆಯ ಬಗ್ಗೆ ನಾನೂ ಅವಳಿಗೆ ಎರಡು ಮಾತು ಉಪದೇಶಿಸಿ ಮುಂದೆ ಹೋದೆ.

ಅದಾದ ನಾಲ್ಕನೆಯ ದಿನ ಅವರು ನನ್ನ ಕೋಣೆಗೆ ಬಂದರು. ಕೈಯಲ್ಲಿ ಎರಡು ತಟ್ಟೆ. ಬಾಗಿಲು ಅರ್ಧ ಮುಚ್ಚಿದರು.

"ಅಕ್ಕಾರ, ಒಂದು ಮಾತು."

"ಹೇಳ್ರಿ. ಮೂರು ನಿಮಿಷ ಐತಿ ನನಗ."

ಒಂದು ತಟ್ಟೆಯ ಮುಚ್ಚಳದ ಮೇಲೆ ಏಳು ಎಂದು ಬರೆದಿತ್ತು. ಅದನ್ನು ಮೇಜಿನ ಮೇಲಿಟ್ಟರು. "ಇದು ನಿಮ್ಮದ್ರಿ. ಇನ್ನೊಂದು ಕೊಟ್ಟೂರು ಹುಡುಗಿ ಗಾಯದ್ದು. ಔಷಧಿ ಹಚ್ಚಿದ ಕಾಗದದ ಬಿಲ್ಲಿ ಎರಡೂ ತಟ್ಟಿ ಮ್ಯಾಲ ಇಟ್ಟು ನೋಡೀನಿ. ಯಾವುದಕ್ಕ ಸಾಯ್ತಾವ, ಯಾವುದಕ್ಕ ಸಾಯಂಗಿಲ್ಲ, ಎರಡೂ ಒಂದ ನಮೂನಿ. ಉಳಿದ ಇಬ್ಬರದೂ ಹಂಗ ಐತಿ. ಆ ಮೂವರ ಮೂಗು ಆಪರೇಷನ್ನಿಗೆ ಮೊದಲ ನೋಡಿದ್ದೆ. ಸ್ಟ್ಯಾಫ್ ಇದ್ದಿದ್ದಿಲ್ಲ."

"ಅಂದ್ರ?"

"ಅಂದ್ರ, ನೂರಕ್ಕ ನೂರು ಹೇಳಾಕ ನನ್ನ ಹಂತ್ಯಾಕ ಯಂತ್ರ ಇಲ್ರಿ. ಮೂಗಿನ್ಯಾಗ ಇರೋದು ತಪ್ಪೂ ಅಲ್ಲ. ಐದು ದಿನ ಈ ಮುಲಾಮು ಹಚ್ರಿ. ಮಾಸ್ಕು ಮ್ಯಾಲ ಕಟ್ರಿ. ಡಾಕ್ಟರಿಗೆ ನೀವ ಒಂದು ಮಾತು ಹೇಳಿಬಿಡ್ರಿ. ನಾ ಹೇಳಂಗಿಲ್ಲ."

"ನನ್ನ ಥಿಯೇಟರಿಗೆ ನನ್ನಿಂದ ಹೊಲಸು ಬಂತಂತೀರೇನು?"

"ಹೊಲಸು ಅನ್ನಲಿಲ್ರಿ ನಾ."

"ಮೂರು ನಿಮಿಷ ಆತು" ಎಂದೆ.

ಅವರು ತಟ್ಟೆಗಳನ್ನು ತೆಗೆದುಕೊಂಡರು. ಮುಲಾಮಿನ ಟ್ಯೂಬನ್ನು ಬಿಟ್ಟುಹೋದರು. ನಾನು ಅದನ್ನು ಮೇಜಿನ ಸೆಳೆಖಾನೆಗೆ ಹಾಕಿ ಬೀಗ ಹಾಕಿದೆ.

ಮರುದಿನ ಡಾಕ್ಟರು ಎಲ್ಲರನ್ನೂ ಕರೆದರು. ಟ್ರಸ್ಟಿನವರು ಉತ್ತರ ಕೇಳಿದ್ದರು. ನಾವು ಎಂಟು ಜನ ಕೂತಿದ್ದೆವು. ಹನುಮಕ್ಕ ಬಾಗಿಲ ಹತ್ತಿರ ನಿಂತಿದ್ದಳು; ಒದ್ದೆ ಕೈಯನ್ನು ಸೀರೆಗೆ ಒರೆಸುತ್ತಿದ್ದಳು.

"ನಮ್ಮ ಸಿಬ್ಬಂದಿಯ ಮೂಗು ನೋಡಿದ್ರಲ್ಲ, ಯಾರಲ್ಲಾದ್ರೂ ಸ್ಟ್ಯಾಫ್ ಇದೆಯೇನ್ರಿ?" ಎಂದು ಡಾಕ್ಟರು ಅವರನ್ನು ಕೇಳಿದರು.

"ಒಬ್ಬರ ಮೂಗಿನ್ಯಾಗ ಐತ್ರಿ."

"ಯಾರು?"

"ಅದು ಹೇಳಂಗಿಲ್ರಿ. ಅವರ ಹೇಳಬೇಕು."

"ಇದೇನು ಪಂಚಾಯಿತಿ ಕಟ್ಟೆ ಅಂದುಕೊಂಡ್ರಾ? ಆಯಾಂದಾ?"

"ಹನುಮಕ್ಕಂದು ಅಲ್ಲ. ಅಷ್ಟು ಮಾತ್ರ ಹೇಳ್ತೀನಿ."

"ಹಾಗಾದ್ರೆ ನಿಮ್ಮ ಮೂಗಿನ ಪುರಾಣ ಬಿಡಿ. ಬಟ್ಟೆ ಸರಿಯಾಗಿ ಕುದಿಸಿಲ್ಲ, ಅಷ್ಟೇ ಇದು. ಏನಂತೀರಿ ಸಿಸ್ಟರ್?"

ಎಲ್ಲರೂ ನನ್ನತ್ತ ತಿರುಗಿದರು. ಅವರೂ ತಿರುಗಿದರು. ಇಪ್ಪತ್ತು ವರ್ಷದಲ್ಲಿ ಅವರು ನನ್ನ ಕಣ್ಣು ನೋಡಿದ್ದು ಆಗ. ಸಿಟ್ಟಿನ ನೋಟವಲ್ಲ. ಶಾಖದ ಪೆಟ್ಟಿಗೆಯ ಬಾಗಿಲು ತೆಗೆಯುವಾಗ ಅವರ ಮುಖದಲ್ಲಿ ಇರುತ್ತಿದ್ದ ನೋಟ. ಬೆಳೆದಿದೆಯೋ ಇಲ್ಲವೋ ಎಂದು ನೋಡುವುದು.

"ಬಟ್ಟೆ ಕುದಿಸುವ ಕಡೆ ಇತ್ತೀಚೆಗೆ ನಿಗಾ ಕಡಿಮೆಯಾಗಿದೆ ಸರ್" ಎಂದೆ.

ಒಂದೇ ವಾಕ್ಯ. ಅದರಲ್ಲಿ ಯಾರ ಹೆಸರೂ ಇರಲಿಲ್ಲ.

ಹನುಮಕ್ಕನನ್ನು ಆ ತಿಂಗಳ ಕೊನೆಗೆ ತೆಗೆದರು. ಅವಳು ಜಗಳ ಮಾಡಲಿಲ್ಲ. ಕೊನೆಯ ದಿನದ ಮಾಸ್ಕುಗಳನ್ನು ಒಗೆದು, ಮಡಿಚಿ, ಬಣ್ಣದ ಪ್ರಕಾರ ಜೋಡಿಸಿಟ್ಟು ಹೋದಳು. ಕೆಂಪು ದಾರದ್ದು ಎಲ್ಲಕ್ಕಿಂತ ಮೇಲಿತ್ತು.

ಸಭೆಯ ಮರುದಿನದಿಂದಲೇ ನಾನು ಮಾಸ್ಕನ್ನು ಮೂಗಿನ ಮೇಲೆ ಕಟ್ಟತೊಡಗಿದ್ದೆ. ಮೇಲಂಚಿಗೆ ಅಂಟುಪಟ್ಟಿ ಹಾಕಿ ಬಿಗಿದರೆ ಗಾಜು ಮಂಜಾಗುವುದಿಲ್ಲವೆಂದು ಅರ್ಧ ಗಂಟೆಯಲ್ಲಿ ಕಂಡುಕೊಂಡೆ. ಇಷ್ಟು ವರ್ಷ ಅದನ್ನು ಹುಡುಕಿರಲಿಲ್ಲ. ಮುಲಾಮನ್ನು ಹಚ್ಚಲಿಲ್ಲ, ಹಚ್ಚಿದರೆ ಒಪ್ಪಿದಂತೆ. ಮುಂದಿನ ತಿಂಗಳು ಒಂದೂ ಗಾಯ ಕೀವಾಗಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. "ನೋಡಿದ್ರಾ, ಆಯಾನ್ನ ಕಳಿಸಿದ್ದೇ ತಡ, ಎಲ್ಲಾ ಸರಿಹೋಯ್ತು" ಎಂದು ಡಾಕ್ಟರು ಊಟದ ಕೋಣೆಯಲ್ಲಿ ಹೇಳಿದರು. ಎಲ್ಲರೂ ಹೌದೆಂದರು. ನಾನು ಗುಟ್ಟಾಗಿ ತಿದ್ದಿಕೊಂಡದ್ದೇ ಹನುಮಕ್ಕನ ಮೇಲೆ ಸಾಕ್ಷಿಯಾಗಿ ನಿಂತಿತು. ಅವರು ಒಂದು ಮೂಲೆಯಲ್ಲಿ ಬುತ್ತಿ ಬಿಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

ಹನುಮಕ್ಕನ ಜಾಗಕ್ಕೆ ಬೇರೊಬ್ಬಳು ಬಂದ ದಿನದಿಂದ ಅವರು ನನ್ನನ್ನು ಅಕ್ಕಾರ ಎನ್ನುವುದನ್ನು ಬಿಟ್ಟರು. ಡಾಕ್ಟರಂತೆ ಸಿಸ್ಟರ್ ಎಂದರು. ಮಾತಿನಲ್ಲಿ ಬೇರೇನೂ ಬದಲಾಗಲಿಲ್ಲ. ಆರು ತಿಂಗಳಿಗೊಮ್ಮೆ ತಟ್ಟೆಗಳ ಸಾಲು ಹಚ್ಚುತ್ತಿದ್ದರು. ನಾನು ಮೂಗು ಕೊಡುವುದನ್ನು ನಿಲ್ಲಿಸಿದ್ದೆ, ಪುರುಸೊತ್ತಿಲ್ಲವೆಂದು. ಆದರೂ ಆರು ಮತ್ತು ಎಂಟರ ನಡುವೆ ಏಳು ಎಂದು ಬರೆದ ತಟ್ಟೆಯೊಂದು ಇರುತ್ತಿತ್ತು. ಏನೂ ಸವರದ, ಖಾಲಿ, ಕೆಂಪು ತಟ್ಟೆ. ಆ ಹಟ ಕಂಡು ಒಮ್ಮೆ ರೇಗಿದೆ.

"ಟಗರಿನ ರಕ್ತ ಯಾಕ ದಂಡ ಮಾಡ್ತೀರಿ? ಆ ನಂಬರು ತೆಗೆದು ಹಾಕ್ರಿ."

"ಇರ್ಲಿ ಬಿಡ್ರಿ ಸಿಸ್ಟರ್. ಟಗರಿಗೇನು ಅವಸರ ಇಲ್ಲ."

ನನಗೆ ಅವರ ಮೇಲೆ ಸಿಟ್ಟಿದೆ. ಸತ್ತವರೆಂದು ಅದನ್ನು ಮುಚ್ಚಿಡಲಾರೆ. ಅಂದಿನ ಸಭೆಯಲ್ಲಿ ಅವರು ಒಂದು ಹೆಸರು ಹೇಳಿದ್ದರೆ ಹನುಮಕ್ಕನ ಕೆಲಸ ಉಳಿಯುತ್ತಿತ್ತು. ಅವರು ತಮ್ಮ ನಿಯಮ ಕಾಪಾಡಿಕೊಂಡರು, ನಾನು ನನ್ನ ಮಾನ ಕಾಪಾಡಿಕೊಂಡೆ. ಅವರ ನಿಯಮ ಒಳ್ಳೆಯದೇ. ಆದರೆ ಅದು ನಿಂತದ್ದು ಏಳನೇ ನಂಬರಿನವಳು ಬಾಯಿ ತೆರೆಯುತ್ತಾಳೆ ಎಂಬ ನಂಬಿಕೆಯ ಮೇಲೆ. ಮನುಷ್ಯರ ಮೂಗಿನ ಬಗ್ಗೆ ಅಷ್ಟು ತಿಳಿದವರಿಗೆ ಮನುಷ್ಯರ ಬಗ್ಗೆ ಇಷ್ಟು ತಿಳಿಯಬಾರದಿತ್ತೇ?

ನಾನು ನಿವೃತ್ತಳಾದ ದಿನ ಹಾರ ಹಾಕಿದರು, ಶಿಸ್ತಿನ ಸಿಪಾಯಿ ಎಂದು ಹೊಗಳಿದರು. ಸೆಳೆಖಾನೆ ಖಾಲಿ ಮಾಡುವಾಗ ಟ್ಯೂಬು ಸಿಕ್ಕಿತು. ಅವಧಿ ಮೀರಿ ಗಟ್ಟಿಯಾಗಿತ್ತು. ಗೇಟಿನ ತನಕ ಬಂದವರು ಅವರೊಬ್ಬರೇ. ನನ್ನ ಮೂಗು ನೋಡುತ್ತ ಹೇಳಿದರು: "ಹರಪನಹಳ್ಳಿಯಿಂದ ತೆಲಿಗಿಗೆ ತಾಸಿಗೊಂದು ಬಸ್ ಐತ್ರಿ ಸಿಸ್ಟರ್." ಹನುಮಕ್ಕನ ಊರು. ನಾನು ಆಯಿತು ಎಂದೆ, ಹೋಗಲಿಲ್ಲ.

ಕೊರೊನಾ ಕಾಲದಲ್ಲಿ ಒಮ್ಮೆ ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಆಗ ಬಸ್ಸಿಗೆ ಬಸ್ಸೇ ಮಾಸ್ಕನ್ನು ಮೂಗಿನ ಕೆಳಗೆ ಇಳಿಸಿ ಕೂತಿರುತ್ತಿತ್ತು. ನನಗೆ ಆ ಕಡೆ ನೋಡಲಾಗುತ್ತಿರಲಿಲ್ಲ. ಅವರಿಗೆ ವಯಸ್ಸಾಗಿತ್ತು, ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ನೋಡ್ರಿ ಸಿಸ್ಟರ್, ಊರಿಗೆ ಊರ ಮೂಗು ಹೊರಗ ಹಾಕೈತಿ. ನೀವೊಬ್ಬರ ಸರಿಯಾಗಿ ಕಟ್ಟೀರಿ."

ಚುಚ್ಚಿದರೋ ಮೆಚ್ಚಿದರೋ ತಿಳಿಯಲಿಲ್ಲ. ನನ್ನ ಬಸ್ಸು ಬಂತು. ಹತ್ತುವಾಗ ಹಿಂದಿನಿಂದ ಕೂಗಿದರು, "ತೆಲಿಗಿ ಬಸ್ಸು ಈಗ ಎರಡು ತಾಸಿಗೊಂದ್ರಿ. ಕಡಿಮಿ ಮಾಡ್ಯಾರ." ಅದೇ ಅವರು ನನಗೆ ಹೇಳಿದ ಕೊನೆಯ ಮಾತು.

ಈ ವರ್ಷ ನನ್ನ ಎಡ ಮೊಣಕಾಲು ಕೈಕೊಟ್ಟಿತು. ಕೀಲು ಬದಲಿಸಬೇಕೆಂದು ದಾವಣಗೆರೆಯ ಒಂದು ಆಸ್ಪತ್ರೆಯವರು ಹೇಳಿದರು. ಆಪರೇಷನ್ನಿಗೆ ಮೊದಲು ಮೂಗಿನ ಪರೀಕ್ಷೆ. ಲ್ಯಾಬಿನ ಹುಡುಗಿ ಕಡ್ಡಿ ಹಾಕಿ ತಿರುಗಿಸುತ್ತ ಗಟ್ಟಿಯಾಗಿ ಎಣಿಸಿದಳು: ಒಂದು, ಎರಡು, ಮೂರು, ನಾಲ್ಕು, ಐದು. ಕಡ್ಡಿ ಇನ್ನೊಂದು ಹೊಳ್ಳೆಗೆ ಹೋಗುವ ಮುನ್ನ ಕೇಳಿದೆ, ಹೀಗೆ ಎಣಿಸಲು ಯಾರು ಕಲಿಸಿದರು?

"ನಮ್ಮ ಸರ್, ಅಜ್ಜಿ. ಬಾಗಳಿಯವ್ರು. ಟ್ರೈನಿಂಗಲ್ಲಿ ಅವ್ರೇ ಕಲಿಸಿದ್ದು. ಹೋದ ತಿಂಗಳು ತೀರ್ಕೊಂಡ್ರು. ಅಲ್ಲಾಡಬ್ಯಾಡ್ರಿ. ಒಂದು, ಎರಡು…"

ಮೂರನೆಯ ದಿನ ಫೋನು ಬಂತು. ಸ್ಟ್ಯಾಫ್ ಇದೆ. ಐದು ದಿನ ಮುಲಾಮು ಹಚ್ಚಿ ಬನ್ನಿ. ಅಂದರೆ ಅಂದು ಇದ್ದದ್ದು ಹೋಗಿಯೇ ಇರಲಿಲ್ಲವೋ, ಹೋಗಿ ಮತ್ತೆ ಬಂದಿತೋ. ಅದನ್ನು ಹೇಳಬಲ್ಲವರು ಇಲ್ಲ.

ಹಚ್ಚಿದೆ. ಬೆಳಿಗ್ಗೆ ಏಳು, ಸಂಜೆ ಏಳು, ಒಂದು ಸಲವೂ ತಪ್ಪಿಸಲಿಲ್ಲ. ಐದನೆಯ ಬೆಳಿಗ್ಗೆಯದು ಹಚ್ಚಿ, ಕೋಲು ಹಿಡಿದು, ಹರಪನಹಳ್ಳಿಗೆ ಹೋಗಿ ತೆಲಿಗಿಯ ಬಸ್ಸು ಹತ್ತಿದೆ.

ಹನುಮಕ್ಕ ಮನೆಯ ಮುಂದೆ ಕೂತು ಮೆಕ್ಕೆಜೋಳದ ತೆನೆ ಸುಲಿಯುತ್ತಿದ್ದಳು. ಮುದುಕಿಯಾಗಿದ್ದಳು. ನನ್ನನ್ನು ಕಂಡು ಏಳಲು ಹೋದವಳು, ಏಕೋ ಏಳಲಿಲ್ಲ.

"ಬರ್ರಿ ಅಕ್ಕಾರ. ಕಾಲಿಗೇನಾತ್ರಿ? ಕುಂದರ್ರಿ ಆ ಕಟ್ಟಿ ಮ್ಯಾಲ."

ಕುಳಿತೆ. ಡ್ಯೂಟಿ ಬದಲಾಗುವಾಗ ವರದಿ ಒಪ್ಪಿಸುವಂತೆ ಒಂದೊಂದಾಗಿ ಹೇಳಿದೆ. ಏಳನೇ ನಂಬರು ನನ್ನದು. ಮಾಸ್ಕು ಕೆಳಗಿತ್ತು. ನನಗೆ ಮೊದಲೇ ಗೊತ್ತಿತ್ತು. ಸಭೆಯಲ್ಲಿ ಹೇಳಿದ್ದು ಸುಳ್ಳು. ಅವಳ ಕೈ ಒಂದು ಕ್ಷಣವೂ ನಿಲ್ಲಲಿಲ್ಲ. ಕಾಳು ಬುಟ್ಟಿಗೆ ಬೀಳುತ್ತಲೇ ಇತ್ತು.

"ಗೊತ್ತಿತ್ತು ಬಿಡ್ರಿ."

"ಅವರು ಹೇಳಿದ್ರೇನು?"

"ಅವರ್ಯಾಕ ಹೇಳ್ತಾರ್ರಿ. ಕೆಂಪು ದಾರದ್ದು ನಿಮ್ದು. ಹನ್ನೊಂದು ವರ್ಷ ಒಗದೀನಿ ನಾನು. ಎಲ್ಲಾರ ಮಾಸ್ಕಿಗೆ ಮ್ಯಾಲ ಮೂಗಿನ ಕಲಿ, ಕೆಳಗ ಬಾಯಿ ಕಲಿ ಬಿದ್ದಿರ್ತಿತ್ತು. ಡಾಕ್ಟರು ಕದ್ದು ನಶ್ಯ ಏರಸ್ತಿದ್ರು, ಅದೂ ಗೊತ್ತಾಗ್ತಿತ್ತು ನನಗ. ನಿಮ್ಮ ಮಾಸ್ಕಿಗೆ ಆಮ್ಯಾಲಾಮ್ಯಾಲ ಮೂಗಿನ ಕಲಿನ ಇರ್ತಿದ್ದಿಲ್ಲ."

ಆ ದಾರದ ಗುರುತು ಹಾಕಿಸಿದವಳು ನಾನು.

"ಆಗ ಯಾಕ ಹೇಳಲಿಲ್ಲ ಹನುಮಕ್ಕ?"

"ಯಾರಿಗೆ ಹೇಳ್ಲಿ? ನೀವು ಅಷ್ಟು ಅಂದ ಮ್ಯಾಲ ಆಯಾನ ಮಾತು ಕೇಳೋರು ಯಾರಿದ್ರು? ಲ್ಯಾಬಿನ ಸರಗ ಒಬ್ಬರಿಗೆ ಹೇಳಿದೆ. ಬಸ್‌ಸ್ಟಾಪಿನ್ಯಾಗ ಅತ್ಕೊಂತ ಹೇಳಿದೆ. ಅದಕ್ಕ ಅವರು ಏನಂದ್ರು ಗೊತ್ತೇನು? 'ಅಕ್ಕಾರು ಒಂದು ನಿಮಿಷ ತಡಾ ಮಾಡೋ ಮನುಷ್ಯಾಳಲ್ಲ. ಇವತ್ತಿಲ್ಲ ನಾಳಿ ತಾವ ಬಂದು ಹೇಳ್ತಾರ, ತಡಿ' ಅಂದ್ರು."

ಅವಳು ಸುಲಿದ ದಿಂಡನ್ನು ಪಕ್ಕಕ್ಕೆಸೆದು ಇನ್ನೊಂದು ತೆನೆ ತೆಗೆದುಕೊಂಡಳು.

"ತಡದೆ. ಒಂದು ವರ್ಷ ತಡದೆ. ಆಮ್ಯಾಲ ತಡಿಯೋದು ಬಿಟ್ಟು ಕೂಲಿಗೆ ಹೋದೆ. ಅವರು ಬಿಡ್ಲಿಲ್ಲ ನೋಡ್ರಿ. ಟಗರಿನ ಹಂತ್ಯಾಕ ಬಂದಾಗೊಮ್ಮೆ ಅದ ಮಾತು. ಬರ್ತಾರ ಹನುಮಕ್ಕ, ಬಸ್ಸು ಹೇಳೀನಿ ಅಂತ."

ಟ್ರಸ್ಟಿನವರಿಗೆ ಎಲ್ಲವನ್ನೂ ಬರೆದು ಕೊಡುತ್ತೇನೆ ಎಂದೆ.

"ಬರೀರಿ. ಓದೋರು ಯಾರು ಅದಾರ? ಡಾಕ್ಟರು ಹೋಗ್ಯಾರ. ಲ್ಯಾಬಿನ ಸರೂ ಹೋದ್ರು. ದವಾಖಾನಿ ಮುಚ್ಚೈತಿ."

ನಾನು ಕೈಗಡಿಯಾರ ನೋಡಿದೆ. ಅದು ರೂಢಿ. ನಾನು ನೋಡಿದ್ದನ್ನು ಅವಳು ನೋಡಿದಳು.

"ಬಸ್ಸಿಗೆ ಎಷ್ಟು ಹೊತ್ತೈತ್ರಿ?"

"ಹತ್ತು ನಿಮಿಷ."

"ಹೊರಡ್ರಿ ಹಂಗಾರ. ಕಾಲು ನೋವು ಬ್ಯಾರೆ. ಇದು ತಪ್ಪಿದ್ರ ಮುಂದಿಂದು ದೂರ."

ಕೋಲೂರಿ ಎದ್ದೆ. ಅವಳು ಮತ್ತೆ ತಲೆ ಎತ್ತಲಿಲ್ಲ. ಓಣಿ ತಿರುಗುವವರೆಗೂ ಕಾಳು ಬುಟ್ಟಿಗೆ ಬೀಳುವ ಸದ್ದು ಕೇಳುತ್ತಿತ್ತು.

ನಾಲ್ಕು ನಿಮಿಷ ಮುಂಚೆಯೇ ನಾನು ಸ್ಟಾಪಿನಲ್ಲಿದ್ದೆ.